ಸೋಮವಾರ ಆಫೀಸು, ಗುರುವಾರ ಊರು: ಪಾಸು ಯಾರಿಗೆ?

ಆಳಂದ, ಜೇವರ್ಗಿ, ಸೇಡಂಗೆ ದಿನಾ ಅಪ್-ಡೌನ್ ಮಾಡುವವರು ಕಲಬುರಗಿಯಲ್ಲಿ ಬೇಕಾದಷ್ಟು ಜನ. ಮೇಷ್ಟ್ರು, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು. ಬಸ್ಸಿನ ತಿಂಗಳ ಪಾಸು ಇಂಥವರಿಗಾಗಿಯೇ ಇರುವಂಥದ್ದು. ಒಮ್ಮೆಲೇ ದುಡ್ಡು ಕಟ್ಟಿದರೆ ವಾರಕ್ಕೆ ಐದಾರು ದಿನ ಓಡಾಡುವವರಿಗೆ ಲಾಭ. ಎರಡೇ ದಿನ ಹೋಗುವವರಿಗೆ ಅದು ಸುಮ್ನೆ ದಂಡ.

ಆ ಎರಡು ದಿನದವರು ಹುಟ್ಟಿಕೊಂಡಿದ್ದು 2020ರ ಮಾರ್ಚ್ ಲಾಕ್‌ಡೌನ್ ನಂತರ. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಐಟಿ ಹುಡುಗ-ಹುಡುಗಿಯರನ್ನು ಕಂಪನಿಗಳು ಆಮೇಲೆ ವಾರಕ್ಕೆ ಎರಡು-ಮೂರು ದಿನ ಬನ್ನಿ ಎಂದವು. ಬೆಂಗಳೂರಾದರೆ ರಾತ್ರಿಯಿಡೀ ಪ್ರಯಾಣ. ಹೈದರಾಬಾದ್ ಹತ್ತಿರ, ಸುಮಾರು 220 ಕಿ.ಮೀ. ಆ ದಾರಿ ನಮಗೆ ಹೊಸದೇನಲ್ಲ ಬಿಡಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ. ನಿಜಾಮರ ರೈಲ್ವೆ 1932ರಲ್ಲೇ 27 ಬಸ್ಸುಗಳೊಂದಿಗೆ ಸಾರಿಗೆ ಶುರು ಮಾಡಿತ್ತು. ಈಗಿನ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ 2000ದಲ್ಲಿ ಬೇರೆಯಾಗಿ ಬಂತು, ಈ ಹೆಸರು ಸಿಕ್ಕಿದ್ದು 2021ರಲ್ಲಿ.

ಹೀಗೆ ಕೆಲವು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವ ಹೈಬ್ರಿಡ್‌ನವರಿಗೆ ಬೇಕಾದದ್ದು ಭಾನುವಾರ ರಾತ್ರಿಯ ಸೀಟು. ಅವತ್ತು ಖಾಸಗಿ ಬಸ್ಸಿನ ದರ ಏರುತ್ತದೆ. ಮಂಗಳವಾರ ಅದೇ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಇವರಿಗೆ ಉಪಯೋಗವಿಲ್ಲ. ನಿಗಮವೂ 2023ರಲ್ಲಿ ಕಲ್ಯಾಣ ರಥ, ಅಮೋಘವರ್ಷ ಸ್ಲೀಪರ್‌ಗಳನ್ನು ಬಿಟ್ಟಿತು. ಮಳಖೇಡದಿಂದ ಆಳಿದ ದೊರೆಯ ಹೆಸರು ಸ್ಲೀಪರ್ ಬಸ್ಸಿಗೆ! ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ. ಸೇಡಂ ಬಸ್ ಹತ್ತುವ ಟೀಚರಮ್ಮ ಆಧಾರ್ ತೋರಿಸುತ್ತಾರೆ, ಕಂಡಕ್ಟರ್ ಮಷಿನ್ ಒತ್ತಿ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಅವರಿಗೆ ಪಾಸಿನ ಗೋಜೇ ಇಲ್ಲ. ಆದರೆ ಸ್ಲೀಪರ್‌ಗೆ ಶಕ್ತಿ ನಡೆಯಲ್ಲ. ಐಟಿ ಹುಡುಗಿ ಪೂರ್ತಿ ದುಡ್ಡು ಕೊಡಬೇಕು.

ಇಂಗ್ಲೆಂಡಿನ ರೈಲುಗಳಲ್ಲಿ 2021ರ ಜೂನ್‌ನಿಂದ ಇಂಥವರಿಗೆ ಬೇರೆ ಪಾಸಿದೆ. 28 ದಿನದೊಳಗೆ ಯಾವುದಾದರೂ 8 ದಿನ ಓಡಾಡಬಹುದು. ನನಗಂತೂ ಇದು ಇಲ್ಲಿಗೂ ಹೊಂದುತ್ತದೆ ಅನಿಸುತ್ತದೆ. ಟಿಕೆಟ್ ಬುಕ್ಕಿಂಗೇ ಮೊಬೈಲ್‌ನಲ್ಲಿ ಆಗುತ್ತಿರುವಾಗ ಎಂಟು ದಿನ ಎಣಿಸುವುದು ಕಷ್ಟವಲ್ಲ, ಅಲ್ವಾ?

ಕೆಎಸ್‌ಆರ್‌ಟಿಸಿಯಲ್ಲಿ ಹೋಗಿ-ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ವಾಪಸ್ ದರದಲ್ಲಿ ಶೇ 10 ರಿಯಾಯಿತಿ ಇದೆ. ಅದಕ್ಕೆ ವಾಪಸ್ ಬರುವ ತಾರೀಖು ಮೊದಲೇ ಗೊತ್ತಿರಬೇಕು. ಹೈಬ್ರಿಡ್‌ನವರಿಗೆ ಅದನ್ನು ಹೇಳುವುದು ಮ್ಯಾನೇಜರ್, ಅದೂ ಬುಧವಾರ ಸಂಜೆ.