ಜಾಬ್ ಕಾರ್ಡಿನಲ್ಲಿ ಏನು ಬರೆದಿದೆ, ಓದಿದಿರಾ?

ಹೊಸ ಗಾಡಿ ಕೆಟ್ಟಿತೆಂದು ಮೈಸೂರಿನ ನನ್ನ ಕಚೇರಿಗೆ ಬರುವವರು ಶೋರೂಂನಲ್ಲಿ ಆದ ಜಗಳವನ್ನು ಒಂದು ಮಾತೂ ಬಿಡದೆ ಒಪ್ಪಿಸುತ್ತಾರೆ. ಗಾಡಿ ಸರ್ವಿಸ್‌ಗೆ ಬಿಟ್ಟಾಗ ನಮ್ಮ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿ, ಅಂದರೆ ಜಾಬ್ ಕಾರ್ಡ್ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

ಪಾಂಡವಪುರದ ಕಡೆಯವರೊಬ್ಬರು ತಾವೇ ಓಡಿಸಲು ಸಣ್ಣ ಸರಕು ವಾಹನ ಕೊಂಡಿದ್ದರು. ಆಲೆಮನೆಯಿಂದ ಬೆಲ್ಲ ಹೇರಿಕೊಂಡು ಮಂಡ್ಯಕ್ಕೆ ಹೊರಟರೆ ಏರಿನಲ್ಲಿ ಮೂರನೇ ಗೇರ್ ತಾನಾಗಿಯೇ ಜಾರುತ್ತಿತ್ತು. ಪುಣ್ಯಕ್ಕೆ ಕಾಗದಗಳನ್ನು ಜೋಪಾನ ಮಾಡಿದ್ದರು. ಬಿಡಿಸಿ ನೋಡಿದರೆ ಪ್ರತಿ ಜಾಬ್ ಕಾರ್ಡಿನಲ್ಲೂ ‘ಜನರಲ್ ಚೆಕಪ್, ವಾಟರ್ ವಾಶ್’. ಕೆಳಗೆ ‘ಕೆಲಸ ತೃಪ್ತಿಕರ’ ಎಂಬ ಅಚ್ಚಿನ ಸಾಲು, ಪಕ್ಕದಲ್ಲಿ ಇವರದೇ ಸಹಿ. “ಬಾಯಲ್ಲಿ ಹೇಳಿದ್ದೆನಲ್ಲ ಸಾರ್, ಆ ಹುಡುಗ ಹೂಂ ಎಂದಿದ್ದ” ಎಂದರು. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ.

ತಯಾರಿಕೆಯಲ್ಲೇ ದೋಷವಿತ್ತೆಂದು ಸಾಬೀತುಪಡಿಸುವ ಹೊಣೆ ದೂರುದಾರರದು. ಎದುರಿನವರು ಮೊದಲು ಹೇಳುವುದೇ ‘ಇಂಥ ದೂರು ನಮಗೆ ಬಂದೇ ಇಲ್ಲ’ ಎಂದು. ಆದ್ದರಿಂದ ಎಷ್ಟನೇ ಸಲ ಬಿಟ್ಟರೂ ಅದೇ ದೋಷವನ್ನು ಅದೇ ಮಾತಿನಲ್ಲಿ ಬರೆಸಿ: ಯಾವ ಗೇರ್, ಮೀಟರ್ ಎಷ್ಟು ತೋರಿಸುತ್ತಿತ್ತು, ಲೋಡ್ ಇತ್ತೇ ಇಲ್ಲವೇ. ಬರೆದುಕೊಳ್ಳದಿದ್ದರೆ ಅಲ್ಲೇ ನಿಂತು ಶೋರೂಂಗೂ ಕಂಪನಿಗೂ ಇಮೇಲ್ ಕಳಿಸಿ. ಗಾಡಿ ವಾಪಸು ಪಡೆಯುವಾಗ ದೋಷ ಹಾಗೆಯೇ ಇದ್ದರೆ ಸಹಿಯ ಮೇಲೆ ‘ಸರಿಹೋಗಿಲ್ಲ’ ಎಂದು ಕನ್ನಡದಲ್ಲೇ ಬರೆಯಿರಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಉಳಿದದ್ದು ಅಷ್ಟು ಕಷ್ಟವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು. ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ’ ಎಂಬ ಮಾತು ನಂಬಿ ಅದನ್ನು ಕಳೆದುಕೊಂಡವರಿದ್ದಾರೆ. ಸರಕು ವಾಹನದವರು ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡೆವೆಂದು ದೂರಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ‘ವಾಣಿಜ್ಯ ಉದ್ದೇಶ’ ಎಂಬ ಆಕ್ಷೇಪ ಬರುತ್ತದೆ. ನಾಲ್ಕಾರು ಲಾರಿ ಇಟ್ಟು ಚಾಲಕರಿಂದ ಓಡಿಸುವವರ ಹಾದಿ ಕಠಿಣ.

ಹೊಸ ಗಾಡಿಯೇ ಬೇಕೆಂದು ಹಟ ಹಿಡಿಯುವವರಿಗೂ ಒಂದು ಮಾತು. ಬದಲಿ ವಾಹನ ಅಥವಾ ಹಣ ವಾಪಸಿಗೆ ಆದೇಶಿಸುವ ಅಧಿಕಾರ ಆಯೋಗಕ್ಕಿದೆ, ನಿಜ. ಆದರೆ ಬಿಡಿಭಾಗ ಬದಲಿಸಿ ಸರಿಪಡಿಸಬಹುದಾದ ದೋಷಕ್ಕೆ ಇಡೀ ಗಾಡಿ ಸಿಗುವುದೆಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಬಹಳಷ್ಟು ಸಲ ತಜ್ಞರ ವರದಿಯೇ ನಿರ್ಣಾಯಕ. ಅಂಥ ಪರೀಕ್ಷೆ ಆಗುವವರೆಗೆ ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಬೇಡಿ.