ಓದುಗರ ಪ್ರಶ್ನೆ: ಸಾಂಟಿ ಕಜೋರ್ಲಾ ಎಡಗಾಲಿನವರಾ, ಬಲಗಾಲಿನವರಾ?

ಪ್ರಶ್ನೆ: ಸ್ಪೇನಿನ ಫುಟ್‌ಬಾಲ್ ಆಟಗಾರ ಕಜೋರ್ಲಾ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನಲ್ಲಿದ್ದಾಗಿನ ಹಳೇ ವಿಡಿಯೊಗಳನ್ನು ನೋಡುತ್ತಿದ್ದೆ. ಒಂದು ಕಾರ್ನರ್ ಬಲಗಾಲಲ್ಲಿ ಹೊಡೆಯುತ್ತಾರೆ, ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ಎಡಗಾಲಲ್ಲಿ. ಅವರ ನಿಜವಾದ ಕಾಲು ಯಾವುದು?

ಬಲಗಾಲು.

ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿನವರೂ ಅಲ್ಲ, ಕೊನೆಯವರೂ ಅಲ್ಲ. ವರ್ಷಗಟ್ಟಲೆ ಪ್ರತಿ ವಾರ ಆರ್ಸೆನಲ್ ಆಟ ನೋಡಿದವರೇ ಇದರ ಮೇಲೆ ಬೆಟ್ ಕಟ್ಟಿ ಸೋತಿದ್ದಾರೆ. ಅದರಲ್ಲಿ ನಾನೂ ಒಬ್ಬ, ಎಡಗಾಲು ಅಂತ ಕಟ್ಟಿದ್ದೆ. ಆ ಬಲಗಾಲಿಗೆ ಆಮೇಲೆ ಏನೇನಾಯಿತು ಅನ್ನೋದು ಗೊತ್ತಾದರೆ ಒಂದೇ ಪದದ ಈ ಉತ್ತರಕ್ಕೆ ಬೇರೆಯೇ ತೂಕ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾರ್ನರ್ ವಿಷಯ ಮುಗಿಸೋಣ. ಗೋಲಿನ ಎಡಬದಿಯ ಮೂಲೆಯಿಂದ ಬಲಗಾಲಲ್ಲಿ ಹೊಡೆದರೆ ಚೆಂಡು ಗೋಲಿನ ಕಡೆಗೆ ಬಾಗುತ್ತದೆ. ಅದೇ ಮೂಲೆಯಿಂದ ಎಡಗಾಲಲ್ಲಿ ಹೊಡೆದರೆ ಗೋಲಿನಿಂದ ಆಚೆಗೆ ಬಾಗುತ್ತದೆ. ಸಾಮಾನ್ಯವಾಗಿ ತಂಡಗಳು ಇದಕ್ಕೆ ಇಬ್ಬರನ್ನು ಇಟ್ಟುಕೊಳ್ಳುತ್ತವೆ. ಕಜೋರ್ಲಾ ಇದ್ದರೆ ಒಬ್ಬರೇ ಸಾಕು. ಎರಡು ಹೆಜ್ಜೆ ಹಿಂದೆ ಸರಿದು ನಿಂತಾಗಲೂ ಯಾವ ಕಾಲು ಬರುತ್ತದೆ ಅನ್ನೋದು ಕೀಪರ್‌ಗೆ ಗೊತ್ತಾಗುವುದಿಲ್ಲ. ನೋಡೋಕೆ ಮಜಾ.

ಆದರೆ ಎರಡು ಕಾಲಿನ ನಿಜವಾದ ಲಾಭ ಇರೋದು ಕಾರ್ನರ್‌ನಲ್ಲಿ ಅಲ್ಲ, ಮೈದಾನದ ನಡುವೆ. ಮಿಡ್‌ಫೀಲ್ಡರ್‌ಗೆ ಚೆಂಡು ಬಂದ ಕೂಡಲೇ ಎದುರಾಳಿ ಮೈಮೇಲೆ ಬರುತ್ತಾನೆ. ಸುಮ್ನೆ ನೇರವಾಗಿ ನುಗ್ಗುವುದಿಲ್ಲ, ಒಂದು ಬದಿಯನ್ನು ಮುಚ್ಚಿಕೊಂಡು ಬರುತ್ತಾನೆ. ಬಲಗಾಲಿನವನಾದರೆ ಬಲಬದಿ ಮುಚ್ಚಿ ಅವನನ್ನು ಎಡಕ್ಕೆ ತಳ್ಳುತ್ತಾನೆ. ಎಡಕ್ಕೆ ಹೋದವನು ಚೆಂಡನ್ನು ಮತ್ತೆ ಬಲಗಾಲಿಗೆ ತಂದುಕೊಳ್ಳಲು ಇನ್ನೊಂದು ಸಲ ಮುಟ್ಟಬೇಕು. ಆ ಒಂದು ಮುಟ್ಟಿನ ಹೊತ್ತಿನಲ್ಲೇ ಚೆಂಡು ಹೋಗಿರುತ್ತದೆ. ಕಜೋರ್ಲಾ ವಿಷಯದಲ್ಲಿ ಯಾವ ಬದಿ ಮುಚ್ಚಬೇಕು? ಎರಡೂ ಬದಿಯಲ್ಲಿ ಕಾಲಿದೆ. ಒಮ್ಮೆ ಭುಜ ಆಡಿಸುತ್ತಾರೆ, ಎದುರಾಳಿಯ ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ, ಇವರು ಇನ್ನೊಂದು ಕಡೆಯಿಂದ ಹೊರಟಿರುತ್ತಾರೆ. ಇವರ ಎತ್ತರ ಸುಮಾರು 1.68 ಮೀಟರ್, ಓಟವೂ ಅಂಥಾ ಜೋರಲ್ಲ. ಎತ್ತರ, ತೂಕ, ವೇಗ ಮೂರೂ ಇಲ್ಲದವರು ಅಷ್ಟು ಗುದ್ದಾಟದ ಇಂಗ್ಲೆಂಡಿನಲ್ಲಿ ಬಾಳಿದ್ದು ಹೀಗೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ದಿಮಾಸ್ ಡೆಲ್ಗಾಡೊ ಆಟ ನೋಡಿದವರಿಗೆ ಈ ಜಾತಿಯ ಸ್ಪ್ಯಾನಿಷ್ ಮಿಡ್‌ಫೀಲ್ಡರ್ ಹೊಸಬರಲ್ಲ. ಓಡುವುದಕ್ಕಿಂತ ತಲೆ ತಿರುಗಿಸಿ ನೋಡುವುದೇ ಜಾಸ್ತಿ.

ಸರಿ, ಮನುಷ್ಯ ಎಲ್ಲಿಯವರು? ಸ್ಪೇನಿನ ಉತ್ತರದಲ್ಲಿ ಅಸ್ತೂರಿಯಸ್ ಅಂತ ಒಂದು ಪ್ರದೇಶವಿದೆ. ಮಳೆ, ಬೆಟ್ಟ, ಕಲ್ಲಿದ್ದಲ ಗಣಿಗಳ ಸೀಮೆ. ಅಲ್ಲಿಯ ಯಾನೆರಾದಲ್ಲಿ 1984ರ ಡಿಸೆಂಬರ್ 13ರಂದು ಹುಟ್ಟಿದರು. ಪಕ್ಕದ ಊರಿನ ರಿಯಲ್ ಒವಿಯೆಡೊ ಕ್ಲಬ್ಬಿನ ಎಳೆಯರ ತಂಡಗಳಲ್ಲಿ ಬೆಳೆದರು. ಅಂದಹಾಗೆ ಅವರ ಹೆಸರನ್ನು ಸ್ಪೇನಿನವರು 'ಕಥೋರ್ಲಾ' ಅನ್ನುತ್ತಾರೆ. ನಾವು ಇಂಗ್ಲಿಷ್ ಕಾಮೆಂಟರಿ ಕೇಳಿ ಕಜೋರ್ಲಾ ಅಂದುಕೊಂಡಿದ್ದೇವೆ. ಇರಲಿ, ಅದೇ ನಡೆಯಲಿ.

ಒವಿಯೆಡೊದ ಮೊದಲ ತಂಡಕ್ಕೆ ಆಡುವ ಭಾಗ್ಯ ಆಗ ಬರಲಿಲ್ಲ. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. 2003ರಲ್ಲಿ ಎರಡನೇ ದರ್ಜೆಯಿಂದ ಜಾರಿತು. ಆಟಗಾರರಿಗೆ ಸಂಬಳ ಬಾಕಿ ಉಳಿಸಿಕೊಂಡಿದ್ದಕ್ಕೆ ಇನ್ನೂ ಒಂದು ಮೆಟ್ಟಿಲು ಕೆಳಗೆ ತಳ್ಳಿದರು. ಒಂದೇ ಬೇಸಿಗೆಯಲ್ಲಿ ಎರಡನೇ ದರ್ಜೆಯಿಂದ ನಾಲ್ಕನೆಯದಕ್ಕೆ! ಹದಿನೆಂಟರ ಹುಡುಗ ಊರು ಬಿಟ್ಟು ವಿಯಾರಿಯಲ್ ಕ್ಲಬ್ಬಿಗೆ ಹೋದರು. 2006-07ರಲ್ಲಿ ರೆಕ್ರಿಯಾಟಿವೊ ವೆಲ್ವಾ ಎಂಬ ಸಣ್ಣ ತಂಡಕ್ಕೆ ಆಡಿದರು. ಆ ತಂಡ ಸ್ಪೇನಿನ ಮೊದಲ ದರ್ಜೆಯ ಲೀಗಾದ ಲಾ ಲಿಗಾದಲ್ಲಿ ಎಂಟನೇ ಸ್ಥಾನಕ್ಕೆ ಏರಿದ ಮೇಲೆ ವಿಯಾರಿಯಲ್ ಅವರನ್ನು ಮರಳಿ ಕರೆಸಿಕೊಂಡಿತು. 2007-08ರಲ್ಲಿ ವಿಯಾರಿಯಲ್ ಬಾರ್ಸಿಲೋನಾವನ್ನೂ ಹಿಂದೆ ಹಾಕಿ ಲೀಗಿನಲ್ಲಿ ಎರಡನೆಯದಾಯಿತು.

ಅದೇ ಬೇಸಿಗೆಯಲ್ಲಿ ಯೂರೋಪಿನ ದೇಶಗಳ ಕಪ್, ಯೂರೋ 2008. ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ಎದುರು ಗೋಲಿಲ್ಲದೆ ಪೆನಾಲ್ಟಿಗೆ ಹೋಯಿತು. ಸ್ಪೇನಿನ ಎರಡನೇ ಪೆನಾಲ್ಟಿ ಕಜೋರ್ಲಾ ಅವರದ್ದು. ಎದುರಿಗೆ ಇಟಲಿಯ ಕೀಪರ್ ಬುಫೊನ್. ಗೋಲು. ಸ್ಪೇನ್ ಆ ಸಲ 44 ವರ್ಷಗಳ ನಂತರ ದೊಡ್ಡ ಕಪ್ ಎತ್ತಿತು. 2012ರ ಯೂರೋ ಗೆದ್ದ ತಂಡದಲ್ಲೂ ಇದ್ದರು. ನಡುವಿನ 2010ರ ವಿಶ್ವಕಪ್ ಮಾತ್ರ ಗಾಯದಿಂದ ತಪ್ಪಿತು. ಶಾವಿ, ಇನಿಯೆಸ್ತಾ, ಸಿಲ್ವಾ, ಫಾಬ್ರೆಗಾಸ್ ಎಲ್ಲ ಒಂದೇ ಕಾಲದಲ್ಲಿ ಹುಟ್ಟಿದ ದೇಶದಲ್ಲಿ 81 ಸಲ ರಾಷ್ಟ್ರೀಯ ಅಂಗಿ ತೊಟ್ಟಿದ್ದು ಸಣ್ಣ ಮಾತಲ್ಲ.

2011ರಲ್ಲಿ ಮಾಲಗಾ. ಕತಾರಿನ ಶೇಖ್ ಒಬ್ಬರು ಹಣ ಸುರಿದು ಕಟ್ಟಿದ ತಂಡ. ನಾಲ್ಕನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಆದರೆ ಹಣದ ನಲ್ಲಿ ಥಟ್ಟನೆ ನಿಂತಿತು, ಆಟಗಾರರನ್ನು ಮಾರಬೇಕಾಯಿತು. ಹಾಗೆ 2012ರ ಆಗಸ್ಟಿನಲ್ಲಿ ಕಜೋರ್ಲಾ ಆರ್ಸೆನಲ್‌ಗೆ ಬಂದರು. ಮೊದಲ ಸೀಸನ್‌ನಲ್ಲೇ ಲೀಗಿನಲ್ಲಿ 12 ಗೋಲು.

ಆರ್ಸೆನಲ್‌ನವರಿಗೆ ಅವರು ಯಾಕಷ್ಟು ಪ್ರೀತಿ ಅನ್ನೋದಕ್ಕೆ ಎರಡು ಪಂದ್ಯ ಸಾಕು. ಒಂದು, 2014ರ ಎಫ್‌ಎ ಕಪ್ ಫೈನಲ್. ಆರ್ಸೆನಲ್ ಒಂಬತ್ತು ವರ್ಷದಿಂದ ಒಂದು ಕಪ್ಪನ್ನೂ ಗೆದ್ದಿರಲಿಲ್ಲ. ಎದುರಾಳಿ ಹಲ್ ಸಿಟಿ. ಎಂಟು ನಿಮಿಷ ಕಳೆಯುವಷ್ಟರಲ್ಲಿ ಹಲ್ 2-0 ಮುಂದೆ! ಟಿವಿ ಆರಿಸಿ ಮಲಗೋಣ ಅನ್ನಿಸಿದ ರಾತ್ರಿ ಅದು. 17ನೇ ನಿಮಿಷದಲ್ಲಿ ದೂರದಿಂದ ಒಂದು ಫ್ರೀ ಕಿಕ್, ಕಜೋರ್ಲಾ ಬಲಗಾಲು, ಕೀಪರ್ ಕೈಗೆ ತಾಗಿಯೂ ಬಲೆಗೆ. ಆಮೇಲೆ ಕೊಸಿಯೆಲ್ನಿ ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ರಾಮ್ಸೀ ಗೆಲ್ಲಿಸಿದರು. ಎಲ್ಲರಿಗೂ ರಾಮ್ಸೀ ಗೋಲು ನೆನಪಿದೆ, ಆದರೆ ಆ ಫ್ರೀ ಕಿಕ್ ಇಲ್ಲದಿದ್ದರೆ ಆ ಪಂದ್ಯ ಅಲ್ಲಿಗೇ ಮುಗಿದಿತ್ತು ಅನ್ನೋದು ನನ್ನ ವಾದ.

ಎರಡನೆಯದು 2015ರ ಜನವರಿ 18, ಮ್ಯಾಂಚೆಸ್ಟರ್ ಸಿಟಿಯ ಮೈದಾನ. ಸಿಟಿ ಆಗ ಚಾಂಪಿಯನ್. ಅದುವರೆಗೆ ಮುಂದೆ, ಬದಿಯಲ್ಲಿ ಆಡುತ್ತಿದ್ದ ಕಜೋರ್ಲಾರನ್ನು ಆರ್ಸೆನಲ್ ಕೋಚ್ ವೆಂಗರ್ ಹಿಂದಕ್ಕೆ ಎಳೆದು ರಕ್ಷಣೆಯ ಮಿಡ್‌ಫೀಲ್ಡರ್ ಕೊಕೆಲಾನ್ ಪಕ್ಕದಲ್ಲಿ ನಿಲ್ಲಿಸಿದರು. ಹೆಸರಿಗೆ ರಕ್ಷಣೆಯ ಜಾಗ. 30 ವರ್ಷದ ಕುಳ್ಳನೆಯ ಮನುಷ್ಯನನ್ನು ಸಿಟಿಯ ಫೆರ್ನಾಂಡಿನೊರಂಥವರ ಎದುರು ಅಲ್ಲಿ ನಿಲ್ಲಿಸುವುದು ಹುಚ್ಚು ಅನ್ನಿಸಿತ್ತು. ಆದರೆ ಮೇಲೆ ಹೇಳಿದ ಎರಡು ಕಾಲಿನ ಆಟ ನಿಜವಾಗಿ ಬೇಕಾಗುವುದು ಅಲ್ಲೇ ಅಲ್ವಾ? ನಮ್ಮ ಗೋಲಿನ ಹತ್ತಿರ, ಸುತ್ತ ಮೂವರು, ಒಂದು ತಪ್ಪಾದರೆ ಗೋಲು. ಅಂಥ ಕಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಆರಾಮಾಗಿ ಹೊರಬರುತ್ತಿದ್ದರು. ಪೆನಾಲ್ಟಿಯಲ್ಲಿ ಒಂದು ಗೋಲು ಅವರೇ ಹೊಡೆದರು, ಜಿರೂ ತಲೆಯಿಂದ ಹೊಡೆದ ಎರಡನೇ ಗೋಲಿಗೆ ಫ್ರೀ ಕಿಕ್ ಇವರದ್ದೇ. 2-0. ನನ್ನನ್ನು ಕೇಳಿದರೆ ಅವರ ಇಡೀ ಬದುಕಿನ ಅತಿ ಒಳ್ಳೆಯ 90 ನಿಮಿಷ ಅದು.

ಈಗ ಬಲಗಾಲಿನ ಕಥೆಗೆ ಬರೋಣ. ಊಟ ಮಾಡುತ್ತಾ ಓದುತ್ತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿಸಿ.

2013ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಸ್ಪೇನ್‌ಗೆ ಚಿಲಿ ಜೊತೆ ಒಂದು ಸೌಹಾರ್ದ ಪಂದ್ಯ. ಅಲ್ಲಿ ಬಲಪಾದದ ಕೀಲಿಗೆ ಏಟು ಬಿತ್ತು, ಮೂಳೆಯಲ್ಲಿ ಬಿರುಕು. ವಾಸಿಯಾಯಿತು ಅಂತ ಆಡಿದರು, ನೋವು ಮಾತ್ರ ಹೋಗಲಿಲ್ಲ. ಮೈ ಬಿಸಿ ಇದ್ದಾಗ ಹೇಗೋ ನಡೆಯುತ್ತಿತ್ತು. ಅರ್ಧ ಆಟದ ವಿರಾಮದಲ್ಲಿ ಕುಳಿತು ಕಾಲು ತಣ್ಣಗಾದರೆ ಅಳು ಬರುವಷ್ಟು ನೋವು ಅಂತ ಅವರೇ ಆಮೇಲೆ ಹೇಳಿಕೊಂಡರು. ಅಂಥ ಕಾಲಲ್ಲೇ ಮೇಲಿನ ಎರಡೂ ಪಂದ್ಯ ಆಡಿದ್ದು. 2016ರ ಅಕ್ಟೋಬರ್ 19ರಂದು ಲುಡೊಗೊರೆಟ್ಸ್ ವಿರುದ್ಧ ಆರ್ಸೆನಲ್ 6-0 ಗೆದ್ದಿತು. ಆ ಪಂದ್ಯದ ನಡುವೆ ಹೊರನಡೆದವರು ಆರ್ಸೆನಲ್ ಅಂಗಿಯಲ್ಲಿ ಮತ್ತೆ ಆಡಲೇ ಇಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಗಾಯ ಮುಚ್ಚಲಿಲ್ಲ. ಹೊಲಿಗೆ ಹಾಕುವುದು, ಅದು ಬಿಟ್ಟುಕೊಳ್ಳುವುದು, ಮತ್ತೆ ಹೊಲಿಗೆ. ಒಳಗೆ ಬ್ಯಾಕ್ಟೀರಿಯಾ ಸೇರಿ ಕೊಳೆಯಲು ಶುರುವಾಗಿತ್ತು, ಗ್ಯಾಂಗ್ರೀನ್. ಮಗನ ಜೊತೆ ತೋಟದಲ್ಲಿ ನಡೆದಾಡುವಷ್ಟಾದರೆ ಅದೇ ಪುಣ್ಯ ಅಂದುಕೊಳ್ಳಿ ಎಂಬ ಅರ್ಥದಲ್ಲಿ ಇಂಗ್ಲೆಂಡಿನ ವೈದ್ಯರು ಹೇಳಿದರು. ಕೊನೆಗೆ 2017ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಡಾಕ್ಟರ್ ಮಿಕೆಲ್ ಸಾಂಚೆಸ್ ಕಾಲು ತೆರೆದು ನೋಡಿದಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್‌ನಲ್ಲಿ ಎಂಟು ಸೆಂಟಿಮೀಟರ್ ಇರಲೇ ಇಲ್ಲ. ಬ್ಯಾಕ್ಟೀರಿಯಾ ತಿಂದು ಹಾಕಿತ್ತು. ನಡೆಯುವಾಗ ನೆಲವನ್ನು ಹಿಂದಕ್ಕೆ ಒತ್ತಲು, ಮುಂಗಾಲಲ್ಲಿ ನಿಲ್ಲಲು ಬೇಕಾದ ಹುರಿ ಅದು. ಚೆಂಡು ಒದೆಯುವುದು ಹಾಗಿರಲಿ, ಮೆಟ್ಟಿಲು ಹತ್ತಲೂ ಅದೇ ಬೇಕು. ಕಾಲನ್ನೇ ಕಳೆದುಕೊಳ್ಳುವ ಅಪಾಯವೂ ಇತ್ತು.

ಟೆಂಡನ್ ಮತ್ತೆ ಕಟ್ಟಿದರು. ಮೇಲೆ ಹೊದಿಸಲು ಚರ್ಮ ಬೇಕಲ್ಲ, ಅದನ್ನು ಎಡತೋಳಿನಿಂದ ತೆಗೆದರು. ಆ ತೋಳಿನಲ್ಲಿ ಮಗಳ ಹೆಸರಿನ ಹಚ್ಚೆ ಇತ್ತು. ಈಗ ಆ ಹೆಸರಿನ ಒಂದು ತುಂಡು ತೋಳಲ್ಲಿ, ಇನ್ನೊಂದು ತುಂಡು ಬಲಗಾಲಿನ ಗಾಯದ ಮೇಲೆ. ಫೋಟೊ ನೋಡಿದರೆ ಮರೆಯುವುದು ಕಷ್ಟ.

ಆಮೇಲೆ ಸಾಲಮಾಂಕಾದಲ್ಲಿ ತಿಂಗಳುಗಟ್ಟಲೆ ಕಾಲು ಪಳಗಿಸಿದರು. 2018ರಲ್ಲಿ ಆರ್ಸೆನಲ್ ಒಪ್ಪಂದ ಮುಗಿಯಿತು. ಹಳೆಯ ವಿಯಾರಿಯಲ್ 'ಬಾ, ನಮ್ಮ ಜೊತೆ ಅಭ್ಯಾಸ ಮಾಡು, ನೋಡೋಣ' ಅಂತ ಕರೆಯಿತು. ಆ ಜುಲೈ 17ರಂದು ಎರ್ಕುಲೆಸ್ ವಿರುದ್ಧ ಅಭ್ಯಾಸ ಪಂದ್ಯಕ್ಕೆ ಇಳಿದಾಗ ಹಿಂದಿನ ಪಂದ್ಯ ಆಡಿ 636 ದಿನ ಆಗಿತ್ತು. ಒಪ್ಪಂದ ಸಿಕ್ಕಿತು. ಕ್ಲಬ್ಬಿನವರು ಅಭಿಮಾನಿಗಳ ಮುಂದೆ ಅವರನ್ನು ಪರಿಚಯಿಸಲು ಒಬ್ಬ ಜಾದೂಗಾರನನ್ನೇ ಕರೆಸಿದರು. ಖಾಲಿ ಗಾಜಿನ ಕೊಳವೆ, ಒಳಗೆ ಹೊಗೆ, ಹೊಗೆ ಸರಿದರೆ ಒಳಗೆ ಕಜೋರ್ಲಾ! ಸ್ವಲ್ಪ ನಾಟಕ ಜಾಸ್ತಿಯಾಯಿತು ಅನ್ನಬಹುದು. ಇವರ ವಿಷಯದಲ್ಲಿ ನಾನು ತಕರಾರು ಮಾಡಲ್ಲ.

2019ರ ಜನವರಿ 3ರಂದು ರಿಯಲ್ ಮ್ಯಾಡ್ರಿಡ್ ಜೊತೆ 2-2. ವಿಯಾರಿಯಲ್‌ನ ಎರಡೂ ಗೋಲು ಇವರದ್ದು. ಮೊದಲನೆಯದು ಬಾಕ್ಸಿನ ಎಡಬದಿಯಿಂದ ಬಲಗಾಲಲ್ಲಿ ಬಾಗಿಸಿ ದೂರದ ಮೂಲೆಗೆ. ಎರಡನೆಯದು ತಲೆಯಿಂದ! ಎಡವೋ ಬಲವೋ ಅಂತ ಚರ್ಚೆ ಮಾಡುವವರಿಗೆ ಅದೊಂದು ಹೊಸ ತಲೆನೋವು. ಅದೇ ವರ್ಷ ಮತ್ತೆ ಸ್ಪೇನ್ ತಂಡಕ್ಕೆ ಕರೆ ಬಂತು. 2019-20ರ ಲೀಗಿನಲ್ಲಿ 11 ಗೋಲು ಹೊಡೆದರು, ವಯಸ್ಸು 35.

ನಂತರ ಮೂರು ವರ್ಷ ಕತಾರಿನ ಅಲ್ ಸದ್. ಮೊದಲಿಗೆ ಅಲ್ಲಿ ಕೋಚ್ ಆಗಿದ್ದವರು ಗೆಳೆಯ ಶಾವಿ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಒವಿಯೆಡೊ ಬಾಕಿ ಇತ್ತು. ಆ ಕ್ಲಬ್ಬು 2012ರಲ್ಲಿ ಬಾಗಿಲು ಮುಚ್ಚುವ ಹಂತಕ್ಕೆ ಬಂದಿತ್ತು. 10.75 ಯೂರೋಗೆ ಒಂದರಂತೆ ಷೇರು ಮಾರಿ ಉಳಿಯಲು ನೋಡಿತು. 60ಕ್ಕೂ ಹೆಚ್ಚು ದೇಶಗಳ ಜನ ಕೊಂಡರು. ಅಲ್ಲೇ ಬೆಳೆದು ಇಂಗ್ಲೆಂಡಿನಲ್ಲಿ ಆಡುತ್ತಿದ್ದ ಕಜೋರ್ಲಾ, ಮಾಟಾ, ಮಿಚು ಕೂಡ ಕೊಂಡರು. ಕೊನೆಗೆ ಮೆಕ್ಸಿಕೋದ ಶ್ರೀಮಂತ ಕಾರ್ಲೋಸ್ ಸ್ಲಿಮ್ ದುಡ್ಡು ಹಾಕಿದರು. ಹಾಗೆ ಬದುಕುಳಿದ ಕ್ಲಬ್ಬಿಗೆ 2023ರಲ್ಲಿ, 38ನೇ ವಯಸ್ಸಿನಲ್ಲಿ, ಕಜೋರ್ಲಾ ವಾಪಸ್ ಬಂದರು. ಬಿಟ್ಟಿ ಆಡುತ್ತೇನೆ ಅಂದರು. ಲೀಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಗಾಗಿ ಕೊಡಲೇಬೇಕಾದ ಕನಿಷ್ಠ ಸಂಬಳ ಮಾತ್ರ ತೆಗೆದುಕೊಂಡರು. ತಮ್ಮ ಹೆಸರಿನ ಅಂಗಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಕ್ಲಬ್ಬಿನ ಹುಡುಗರ ಅಕಾಡೆಮಿಗೆ ಹೋಗಬೇಕು ಅಂತಲೂ ಕೇಳಿಕೊಂಡರು.

ಎರಡನೇ ದರ್ಜೆಯಿಂದ ಲಾ ಲಿಗಾಕ್ಕೆ ಏರಲು ಆಡುವ ಬಡ್ತಿ ಪ್ಲೇಆಫ್‌ನ 2024ರ ಫೈನಲ್‌ನಲ್ಲಿ ಎಸ್ಪಾನ್ಯೋಲ್ ಎದುರು ಸೋತರು. 2025ರಲ್ಲಿ ಮತ್ತೆ ಅದೇ ಮೆಟ್ಟಿಲು. ಸೆಮಿಫೈನಲ್‌ನಲ್ಲಿ ಅಲ್ಮೇರಿಯಾ ಎದುರು ಫ್ರೀ ಕಿಕ್ ಗೋಲು. ಎರಡು ಪಂದ್ಯಗಳ ಫೈನಲ್‌ನ ಮೊದಲ ಪಂದ್ಯದಲ್ಲಿ ಮಿರಾಂಡೆಸ್ 1-0 ಗೆದ್ದಿತ್ತು, ಎರಡನೆಯದರಲ್ಲೂ ಮೊದಲ ಗೋಲು ಅವರದ್ದೇ. ಒವಿಯೆಡೊ ಮೈದಾನ ಸ್ಮಶಾನದಂತಾಯಿತು. ಆಗ ಸಿಕ್ಕಿತು ಪೆನಾಲ್ಟಿ. ಚೆಂಡು ಎತ್ತಿಕೊಂಡವರು 40 ವರ್ಷದ ಕಜೋರ್ಲಾ. ಗೋಲು. ಕಡೆಗೆ ಹೆಚ್ಚುವರಿ ಸಮಯದಲ್ಲಿ 3-1. 24 ವರ್ಷಗಳ ನಂತರ ಒವಿಯೆಡೊ ಲಾ ಲಿಗಾಕ್ಕೆ ಮರಳಿತು.

40ರಲ್ಲಿ ಹೇಗೆ ಆಡಿದರು ಅಂತ ಹಲವರು ಕೇಳುತ್ತಾರೆ. ವೇಗ ನಂಬಿ ಆಡಿದವರಿಗೆ 33 ದಾಟಿದರೆ ಕಷ್ಟ. ಇವರು ಯಾವತ್ತೂ ವೇಗ ನಂಬಿರಲಿಲ್ಲ, ಹಾಗಾಗಿ ವಯಸ್ಸಿಗೆ ಕಸಿದುಕೊಳ್ಳಲು ಹೆಚ್ಚೇನೂ ಸಿಗಲಿಲ್ಲ ಅಂತ ನನ್ನ ಲೆಕ್ಕ.

ನಿಮಗೆ ಪರೀಕ್ಷೆ ಮಾಡುವ ಆಸೆ ಇದ್ದರೆ ಸಿಟಿ ಪಂದ್ಯದ ವಿಡಿಯೊ ಹುಡುಕಿ. ಗೋಲುಗಳನ್ನು ಬಿಡಿ. ಚೆಂಡು ಅವರ ಕಡೆ ಬರುವಾಗ ಮೊದಲು ಯಾವ ಕಾಲಲ್ಲಿ ಹಿಡಿಯುತ್ತಾರೆ, ಮುಂದಿನ ಪಾಸ್ ಯಾವ ಕಾಲಲ್ಲಿ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ನಾನು ಹಾಗೆ ಮಾಡಲು ಕೂತು ಇಪ್ಪತ್ತು ನಿಮಿಷಕ್ಕೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ.