ಮುರಿದ ಡಿಎನ್‌ಎಗೆ ಯಾವ ಹೊತ್ತಿನಲ್ಲಿ ಯಾವ ದುರಸ್ತಿ?

ವೈದ್ಯಕೀಯ ಸೀಟಿನ ಆಸೆಯಿಂದ ಜಗಳೂರು, ಹೊಳಲ್ಕೆರೆ, ಚಿತ್ರದುರ್ಗಗಳಿಂದ ದಾವಣಗೆರೆಯ ಪಿಯು ಕಾಲೇಜುಗಳಿಗೆ ಬರುವ ಮಕ್ಕಳು ಮೊದಲ ವರ್ಷ ಕೋಶಚಕ್ರವನ್ನೂ ಎರಡನೆಯ ವರ್ಷ ಡಿಎನ್‌ಎಯನ್ನೂ ಓದುತ್ತಾರೆ. ಹಾಳಾದ ಡಿಎನ್‌ಎಯನ್ನು ಜೀವಕೋಶ ಯಾವಾಗ, ಹೇಗೆ ಸರಿಪಡಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಈ ಎರಡು ಪಾಠಗಳ ನಡುವಿನ ಸಂದಿಯಲ್ಲಿ ಉಳಿದುಬಿಡುತ್ತದೆ. ಹೊಸ ಕ್ಯಾನ್ಸರ್ ಔಷಧಗಳು ಮತ್ತು ಜೀನ್ ತಿದ್ದುವ ಚಿಕಿತ್ಸೆಗಳ ಬಗ್ಗೆ ಇಂದು ಬರುವ ಸುದ್ದಿ ಗೋಜಲಾಗಿ ಕಾಣುವುದಕ್ಕೆ ಈ ಸಂದಿಯೂ ಒಂದು ಕಾರಣ.

ಸಂಶೋಧನೆಯ ಚರಿತ್ರೆಯಲ್ಲೂ ದುರಸ್ತಿ ಮತ್ತು ಕೋಶಚಕ್ರ ಬಹುಕಾಲ ಬೇರೆಯಾಗಿಯೇ ಸಾಗಿದವು. ಎಕ್ಸ್-ಕಿರಣಗಳು ಅನುವಂಶೀಯ ಗುಣಗಳನ್ನು ಬದಲಿಸುತ್ತವೆ ಎಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದ್ದರಿಂದ ಹಿಡಿದು, ದುರಸ್ತಿಯ ರಾಸಾಯನಿಕ ವಿವರಗಳಿಗಾಗಿ ಲಿಂಡಾಲ್, ಮೋಡ್ರಿಚ್, ಸಂಜಾರ್ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದರವರೆಗೆ ಒಂದು ದಾರಿ. ಅವರೆಕಾಳಿನ ದೂರದ ಬಂಧುವಾದ ಒಂದು ಕಾಳಿನ ಗಿಡದ ಬೇರಿನ ತುದಿಯಲ್ಲಿ ಹೊವಾರ್ಡ್ ಮತ್ತು ಪೆಲ್ಕ್ 1953ರಲ್ಲಿ ಗುರುತಿಸಿದ ಕೋಶಚಕ್ರದ ನಾಲ್ಕು ಹಂತಗಳು ಇನ್ನೊಂದು ದಾರಿ: ಬೆಳವಣಿಗೆಯ ಜಿ1, ಡಿಎನ್‌ಎ ಪ್ರತಿಯಾಗುವ ಎಸ್, ವಿಭಜನೆಗೆ ಅಣಿಯಾಗುವ ಜಿ2, ವಿಭಜನೆಯ ಎಂ. ಎರಡಕ್ಕೂ ಸಂಬಂಧವಿದೆ ಎಂಬ ಸುಳಿವು 1960ರ ದಶಕದಲ್ಲೇ ಸಿಕ್ಕಿತ್ತು. ಒಂದೇ ಪ್ರಮಾಣದ ಎಕ್ಸ್-ಕಿರಣಕ್ಕೆ ವಿಭಜನೆಯಲ್ಲಿರುವ ಕೋಶಗಳು ಸುಲಭವಾಗಿ ಸಾಯುತ್ತಿದ್ದವು. ಎಸ್ ಹಂತದ ಕೊನೆಯಲ್ಲಿದ್ದ ಹ್ಯಾಮ್‌ಸ್ಟರ್ ಕೋಶಗಳು ಹೆಚ್ಚು ತಾಳಿಕೊಳ್ಳುತ್ತಿದ್ದವು. ಡಿಎನ್‌ಎ ಹಾಳಾದಾಗ ಯೀಸ್ಟ್ ಕೋಶ ತನ್ನ ಚಕ್ರವನ್ನೇ ತಡೆದು ನಿಲ್ಲಿಸುತ್ತದೆ, ಆ ತಡೆಗೆ ರಾಡ್9 ಎಂಬ ಜೀನ್ ಬೇಕು ಎಂದು ವೈನರ್ಟ್ ಮತ್ತು ಹಾರ್ಟ್‌ವೆಲ್ 1988ರಲ್ಲಿ ತೋರಿಸಿದ ಮೇಲೆ ಎರಡು ದಾರಿಗಳು ಕೂಡಿದವು.

ಒಂದೇ ಎಳೆಯಲ್ಲಾಗುವ ಸಣ್ಣ ಹಾನಿಗಳನ್ನು ಕತ್ತರಿಸಿ ತುಂಬುವ ಕೆಲಸ ಹೆಚ್ಚುಕಡಿಮೆ ಎಲ್ಲ ಹಂತಗಳಲ್ಲೂ ನಡೆಯುತ್ತದೆ, ಏಕೆಂದರೆ ಎದುರಿನ ಎಳೆ ಯಾವಾಗಲೂ ಮಾದರಿಯಾಗಿ ಸಿಗುತ್ತದೆ. ಎರಡೂ ಎಳೆಗಳು ಒಟ್ಟಿಗೆ ತುಂಡಾದಾಗ ಮಾತ್ರ ಹೊತ್ತು ನಿರ್ಣಾಯಕವಾಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ತುದಿಗಳನ್ನು ಗಂಟು ಹಾಕಿ ನೇಯ್ಗೆ ಮುಂದುವರಿಸಬಹುದು, ಅಂಚಿನ ಚಿತ್ತಾರವೇ ಕೆಟ್ಟರೆ ಮಾದರಿಯನ್ನು ನೋಡಿಕೊಂಡು ಮತ್ತೆ ನೇಯಬೇಕು. ಕೋಶಕ್ಕೂ ಇಂಥವೇ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಕೆಯು ಎಂಬ ಉಂಗುರದಾಕಾರದ ಪ್ರೋಟೀನ್ ಮುರಿದ ತುದಿಗಳನ್ನು ಕೂಡಲೇ ಹಿಡಿದುಕೊಳ್ಳುತ್ತದೆ, ಲೈಗೇಸ್ 4 ಎಂಬ ಕಿಣ್ವ ಅವನ್ನು ಬೆಸೆಯುತ್ತದೆ. ಕೆಲವೊಮ್ಮೆ ಒಂದೆರಡು ಅಕ್ಷರಗಳು ನಷ್ಟವಾಗುತ್ತವೆ. ಎರಡನೆಯದರಲ್ಲಿ ತುದಿಯ ಒಂದು ಎಳೆಯನ್ನು ಸವೆಸಿ, ಉಳಿದ ಎಳೆಗೆ ಬಿಆರ್‌ಸಿಎ2 ಎಂಬ ಪ್ರೋಟೀನಿನ ನೆರವಿನಿಂದ ರಾಡ್51 ಪ್ರೋಟೀನನ್ನು ಹೊದಿಸಿ, ಎಸ್ ಹಂತದಲ್ಲಿ ಹುಟ್ಟಿದ ಸೋದರ ಪ್ರತಿಯನ್ನು ಹುಡುಕಿ ನಕಲು ಮಾಡಲಾಗುತ್ತದೆ.

ಸೋದರ ಪ್ರತಿಯೇ ಇಲ್ಲದ ಜಿ1ರಲ್ಲಿ ಈ ಎರಡನೆಯ ದಾರಿಯನ್ನು ಕೋಶ ಮುಚ್ಚಿಡುತ್ತದೆ. ಕೋಶಚಕ್ರವನ್ನು ನಡೆಸುವ ಸಿಡಿಕೆ ಕಿಣ್ವವೇ ಆ ಬೀಗದ ಕೈಯನ್ನೂ ಇಟ್ಟುಕೊಂಡಿದೆ ಎಂಬುದು 2004ರ ವೇಳೆಗೆ ಯೀಸ್ಟ್‌ನಲ್ಲಿ ತಿಳಿಯಿತು. ಎಸ್ ಮತ್ತು ಜಿ2 ಹಂತಗಳಲ್ಲಿ ಸಿಡಿಕೆ ಚುರುಕಾಗಿ, ಎಳೆ ಸವೆಸುವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಕೆಲಸಕ್ಕೆ ಹಚ್ಚುತ್ತದೆ. ಮನುಷ್ಯರ ಕೋಶದಲ್ಲಿ ಸವೆತವನ್ನು ತಡೆಯುವ 53ಬಿಪಿ1 ಪ್ರೋಟೀನ್ ಮತ್ತು ಅದನ್ನು ಬದಿಗೆ ಸರಿಸುವ ಬಿಆರ್‌ಸಿಎ1 ನಡುವಿನ ಪೈಪೋಟಿಯೂ ಹಂತಕ್ಕೆ ತಕ್ಕಂತೆ ತೀರ್ಮಾನವಾಗುತ್ತದೆ. ತುದಿಗಳನ್ನು ಹಾಗೆಯೇ ಬೆಸೆಯುವ ಮೊದಲನೆಯ ದಾರಿಯನ್ನು, ಅಂದರೆ ನೇರ ಜೋಡಣೆಯನ್ನು, ಅಜಾಗರೂಕ ದುರಸ್ತಿ ಎಂದು ಬರೆಯುವ ವಾಡಿಕೆ ಇನ್ನೂ ಉಳಿದಿರುವುದು ವಿಷಾದದ ಸಂಗತಿ; ಸೋದರ ಪ್ರತಿ ಪಕ್ಕದಲ್ಲೇ ಇರುವ ಜಿ2ರಲ್ಲೂ ಎಕ್ಸ್-ಕಿರಣದಿಂದಾದ ಮುರಿತಗಳಲ್ಲಿ ಹೆಚ್ಚಿನವನ್ನು ಸರಿಪಡಿಸುವುದು ಅದೇ.

ಚಿಕಿತ್ಸೆಯ ಲೆಕ್ಕಾಚಾರ ಇಲ್ಲಿಂದ ಹೊರಡುತ್ತದೆ. ಬಿಆರ್‌ಸಿಎ ಜೀನ್ ಕೆಟ್ಟಿರುವ ಗೆಡ್ಡೆಯ ಕೋಶಕ್ಕೆ ಎರಡನೆಯ ದಾರಿ ಇಲ್ಲದ ಕಾರಣ, ಒಂಟಿ ಎಳೆಯ ಹಾನಿಯನ್ನು ಸರಿಪಡಿಸಲು ನೆರವಾಗುವ ಪಾರ್ಪ್ ಎಂಬ ಕಿಣ್ವವನ್ನು ತಡೆದರೆ ಡಿಎನ್‌ಎ ಪ್ರತಿಯಾಗುವಾಗ ಹುಟ್ಟುವ ಮುರಿತಗಳನ್ನು ಅದು ತಾಳಲಾರದು ಎಂದು 2005ರಲ್ಲಿ ಗೊತ್ತಾಯಿತು. 2014ರಲ್ಲಿ ಪಾರ್ಪ್ ತಡೆಯುವ ಒಲಾಪರಿಬ್ ಔಷಧಕ್ಕೆ ಒಪ್ಪಿಗೆ ದೊರೆಯಿತು. ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ಜೀನ್ ತಿದ್ದುವ ಕ್ರಿಸ್ಪರ್ ವಿಷಯದಲ್ಲಿ ಇದೇ ನಿಯಮ ಅಡ್ಡಿಯಾಗಿದೆ. ಕತ್ತರಿಸಿದ ಜಾಗದಲ್ಲಿ ಸರಿಯಾದ ಅಕ್ಷರಗಳನ್ನು ನಕಲು ಮಾಡಿಸಲು ಎಸ್ ಅಥವಾ ಜಿ2 ಬೇಕು, ಆದರೆ ರಕ್ತದ ಮೂಲಕೋಶಗಳು ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ಕುಡಗೋಲು ಕಣ ರಕ್ತಹೀನತೆಗೆ 2023ರಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ ಚಿಕಿತ್ಸೆಯೂ ರೋಗದ ಮೂಲ ದೋಷವನ್ನು ತಿದ್ದುವುದಿಲ್ಲ. ಬೇರೊಂದು ಜೀನಿನ ನಿಯಂತ್ರಣ ಭಾಗವನ್ನು ಕತ್ತರಿಸಿ, ನೇರ ಜೋಡಣೆಯಲ್ಲಾಗುವ ಸಣ್ಣ ನಷ್ಟದಿಂದ ಅದನ್ನು ಕೆಡಿಸಿ, ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಮತ್ತೆ ಹುಟ್ಟುವಂತೆ ಮಾಡುತ್ತದೆ.

ಉಳಿದದ್ದು ವಿಭಜನೆಯ ಹಂತ. ಆಗ ಮೇಲಿನ ಎರಡೂ ದಾರಿಗಳು ಮುಚ್ಚಿರುತ್ತವೆ. ಅವನ್ನು ಬಲವಂತವಾಗಿ ತೆರೆದರೆ ವರ್ಣತಂತುಗಳ ತುದಿಗಳೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು 2014ರಲ್ಲಿ ಕಂಡುಬಂತು. ಹಾಗಾಗಿ ಈ ಹಂತದಲ್ಲಿ ದುರಸ್ತಿಯೇ ಇಲ್ಲ ಎಂಬ ತಿಳಿವಳಿಕೆ ಬೇರೂರಿತ್ತು. ಪಾಲಿಮರೇಸ್ ಥೀಟಾ ಎಂಬ ಕಿಣ್ವ ವಿಭಜನೆಯ ನಡುವೆಯೇ ಮುರಿತಗಳನ್ನು ಜೋಡಿಸುತ್ತದೆ ಎಂದು 2023ರಲ್ಲಿ ತಿಳಿದುಬಂದ ಮೇಲೆ ಆ ತಿಳಿವಳಿಕೆ ಬದಲಾಯಿತು. ಬಿಆರ್‌ಸಿಎ ಕೆಟ್ಟ ಗೆಡ್ಡೆಗಳು ಈ ಕಿಣ್ವವನ್ನೇ ಬಹಳವಾಗಿ ನೆಚ್ಚಿಕೊಂಡಿರುವುದರಿಂದ, ಅದನ್ನು ತಡೆಯುವ ಔಷಧಗಳನ್ನು ಈಗ ರೋಗಿಗಳಲ್ಲಿ ಪರೀಕ್ಷಿಸಲಾಗುತ್ತಿದೆ.